ಲಾವಾ ಕಲ್ಲು ಎತ್ತಿಕೊಂಡಿದ್ದಕ್ಕೆ ಬಾಡಿಗೆ ಮನೆ ಅಜ್ಜಿಯ ಮುನಿಸು: ಪ್ರತಿಕ್ರಿಯೆ
ಹವಾಯಿಯ ಪುನಾದಲ್ಲಿ ನೀವು ಲಾವಾ ಕಲ್ಲೊಂದನ್ನು ಬ್ಯಾಗಿಗೆ ಹಾಕಿಕೊಂಡ ಮೇಲೆ ಬಾಡಿಗೆ ಮನೆಯ ಅಜ್ಜಿ ಸರಿಯಾಗಿ ಮಾತಾಡ್ತಿಲ್ಲ ಎಂದಿದ್ದೀರಿ. ಕಾರಣ ಬಹುಶಃ ಆ ಕಲ್ಲೇ. ಅಲ್ಲಿನ ಮೂಲದವರಲ್ಲಿ ಹಲವರಿಗೆ ಲಾವಾ ಅಂದರೆ ಜ್ವಾಲಾಮುಖಿಯ ದೇವತೆ ಪೆಲೆಯೇ. 2018ರಲ್ಲಿ ಜ್ವಾಲಾಮುಖಿ ಉಕ್ಕಿ ಅಲ್ಲಿ 700ಕ್ಕೂ ಜಾಸ್ತಿ ಮನೆ ಲಾವಾಕ್ಕೆ ಸಿಕ್ಕಿ ಹೋದವು. ಆಗಲೂ ಕೆಲವರು ಹೊಗೆಯಾಡುವ ರಸ್ತೆ ಬಿರುಕಿನ ಹತ್ತಿರ ಪೆಲೆಗೆ ಕಾಣಿಕೆಯಾಗಿ ಟೀ ಎಲೆ ಇಟ್ಟಿದ್ದರು (ಚಹಾ ಅಲ್ಲ, ಅಗಲ ಎಲೆಯ ಬೇರೆ ಗಿಡ). ಜಾಗ ಅವಳದು, ಬೇಕಾದಾಗ ವಾಪಸ್ ತಗೊಳ್ತಾಳೆ ಅನ್ನೋ ಲೆಕ್ಕ.

ಮೊದಲು ಕಲ್ಲನ್ನು ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ. ನ್ಯಾಷನಲ್ ಪಾರ್ಕಿನದಾದರೆ ಒಯ್ಯುವುದು ಕಾನೂನಿಗೂ ವಿರುದ್ಧ. ಆಮೇಲೆ ಅಜ್ಜಿಗೆ "ಗೊತ್ತಿರಲಿಲ್ಲ, ವಾಪಸ್ ಇಟ್ಟೆ" ಅಂದರೆ ಸಾಕು. "ಪಾಪ, ಲಾವಾದಿಂದ ಎಷ್ಟು ಕಷ್ಟ ನಿಮಗೆ" ಅಂತ ಮಾತ್ರ ಶುರು ಮಾಡಬೇಡಿ; ಲಾವಾವನ್ನು ದೇವಿ ಅಂತ ನೋಡುವವರಿಗೆ ಅದು ಹಿಡಿಸದಿರಬಹುದು.