ಯಾವುದು ಅಸಲಿ ‘ದಿ ಶೈನಿಂಗ್’?

ಪ್ರಿಯ ಓದುಗರೇ,

ಚಳಿಗಾಲಕ್ಕೆ ಮುಚ್ಚಿದ ಹೋಟೆಲನ್ನು ಕಾಯಲು ಹೋದ ಕುಟುಂಬದ ಭಯಾನಕ ಕಥೆಯಾದ, ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ ‘ದಿ ಶೈನಿಂಗ್’ ಚಿತ್ರವನ್ನು ಬಹಳ ಹಿಂದೆ ಥಿಯೇಟರಿನಲ್ಲಿ ನೋಡಿದ್ದ ನಿಮಗೆ, ಈಗ ಡಿಸ್ಕಿನಲ್ಲಿ ನೋಡುವಾಗ ಪರಿಚಯವೇ ಇಲ್ಲದ ದೃಶ್ಯಗಳು ಎದುರಾಗಿವೆ: ಹುಡುಗನನ್ನು ಪರೀಕ್ಷಿಸುವ ವೈದ್ಯೆ, ಜೇಡರ ಬಲೆ ಮುಸುಕಿದ ಅಸ್ಥಿಪಂಜರಗಳು. ಮಾರಾಟಕ್ಕಾಗಿ ಇವನ್ನು ಆಮೇಲೆ ತುರುಕಿದರೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಆಸ್ಪತ್ರೆಯ ದೃಶ್ಯವಿರುವ ಇನ್ನೊಂದು ಪ್ರತಿ ಇದೆ ಎಂಬ ಸ್ನೇಹಿತರ ಮಾತು ನಿಜವೇ ಎಂಬುದು ಎರಡನೆಯದು.

ಯಾರೂ ಏನನ್ನೂ ತುರುಕಿಲ್ಲ. ನೀವು ಮೊದಲು ನೋಡಿದ್ದೇ ಕತ್ತರಿಸಿದ ಪ್ರತಿ. 1980ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಚಿತ್ರದ ಅವಧಿ ಸುಮಾರು 146 ನಿಮಿಷ. ಕೆಲವೇ ದಿನಗಳಲ್ಲಿ ಕುಬ್ರಿಕ್ ಆಸ್ಪತ್ರೆಯ ದೃಶ್ಯವನ್ನು ಓಡುತ್ತಿದ್ದ ಪ್ರತಿಗಳಿಂದಲೇ ತೆಗೆಸಿದರು. ಉಳಿದದ್ದು 144 ನಿಮಿಷ. ಅದೇ ವರ್ಷ ಯುರೋಪಿನ ಬಿಡುಗಡೆಗಾಗಿ ಅದನ್ನು 119 ನಿಮಿಷಕ್ಕೆ ಇಳಿಸಿದರು. ಅಲ್ಲಿ ಆಡಿದ್ದು ಸೆನ್ಸಾರಿನ ಕತ್ತರಿಯಲ್ಲ, ನಿರ್ದೇಶಕರದೇ. ಹಾಗಾಗಿ ಚಿಕ್ಕ ಪ್ರತಿಯನ್ನು ವಿರೂಪಗೊಂಡ ಚಿತ್ರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಎರಡೂ ಅಸಲಿಯೇ.

ಆದರೆ ಎರಡೂ ಒಂದೇ ಕಥೆಯನ್ನು ಹೇಳುವುದಿಲ್ಲ. ವೈದ್ಯೆಯಾಗಿ ಆನ್ ಜ್ಯಾಕ್ಸನ್ ಬರುವ ದೃಶ್ಯವನ್ನೇ ನೋಡಿ. ಹಿಂದೊಮ್ಮೆ ಕುಡಿದು ಬಂದಿದ್ದ ಗಂಡ ಮಗನ ತೋಳು ಹಿಡಿದೆಳೆದು ಭುಜದ ಕೀಲು ತಪ್ಪಿಸಿದ್ದನ್ನು ಹುಡುಗನ ತಾಯಿ ವೆಂಡಿ ಹೇಳುತ್ತಾಳೆ. ಅದೊಂದು ಅಪಘಾತವಷ್ಟೇ, ಐದು ತಿಂಗಳಿನಿಂದ ಆತ ಕುಡಿದೇ ಇಲ್ಲ ಎಂದು ಬಲವಂತದ ನಗುವಿನಲ್ಲಿ ಸಮಜಾಯಿಷಿಯನ್ನೂ ಕೊಡುತ್ತಾಳೆ. ಆ ಕುಟುಂಬ ಹೋಟೆಲಿನ ಹೊಸ್ತಿಲು ತುಳಿಯುವ ಮೊದಲೇ ಭಯ ಮನೆಯೊಳಗಿತ್ತು ಎಂಬುದು ನಮಗೆ ಗೊತ್ತಾಗುವುದು ಇಲ್ಲಿ. ಈ ದೃಶ್ಯವಿಲ್ಲದಿದ್ದರೆ ಮೊದಲ ಅನುಮಾನ ಹೋಟೆಲಿನ ಮೇಲೆಯೇ ಬೀಳುತ್ತದೆ. ಇದೊಂದೇ ಕಾರಣಕ್ಕೆ ನನ್ನ ಒಲವು ದೀರ್ಘ ಪ್ರತಿಯ ಕಡೆಗೆ. ಅಸ್ಥಿಪಂಜರಗಳ ವಿಷಯದಲ್ಲಿ ಮಾತ್ರ ಚಿಕ್ಕ ಪ್ರತಿಯೇ ಗೆಲ್ಲುತ್ತದೆ; ಖಾಲಿ ಕಾರಿಡಾರುಗಳಿಂದಲೇ ಅಷ್ಟು ಹೆದರಿಸಿದ ಚಿತ್ರಕ್ಕೆ ಅವು ಬೇಕಿರಲಿಲ್ಲ.

ನಿಮ್ಮ ಸ್ನೇಹಿತರ ಮಾತೂ ನಿಜ, ಆದರೆ ಆ ಪ್ರತಿ ಡಿಸ್ಕಿನಲ್ಲಿ ಸಿಗುವುದಿಲ್ಲ. ಅದರಲ್ಲಿ ಹೋಟೆಲಿನ ಮ್ಯಾನೇಜರ್ ಆಸ್ಪತ್ರೆಗೆ ಬಂದು ವೆಂಡಿಯನ್ನು ಕಾಣುತ್ತಾನೆ, ಗಂಡನ ಶವ ಸಿಗಲಿಲ್ಲ ಎನ್ನುತ್ತಾನೆ, ಹುಡುಗ ಡ್ಯಾನಿಗೆ ಒಂದು ಚೆಂಡು ಕೊಡುತ್ತಾನೆ. ಚಿತ್ರಕಥೆಯ ಪುಟಗಳು ಮತ್ತು ಕೆಲವು ಪೋಲರಾಯ್ಡ್ ಫೋಟೋಗಳಿಂದ ಇಷ್ಟು ತಿಳಿಯುತ್ತದೆ. ತೆಗೆದದ್ದೇ ಸರಿ. ಹಿಮದಲ್ಲಿ ಹೆಪ್ಪುಗಟ್ಟಿದ ಗಂಡ ಜ್ಯಾಕ್‌ನ ಮುಖದಿಂದ ನೇರವಾಗಿ, ಹೋಟೆಲಿನ ಗೋಡೆಯ ಮೇಲಿರುವ, ಅವನೂ ಕಾಣಿಸುವ 1921ರ ಆ ಗುಂಪುಚಿತ್ರಕ್ಕೆ ಹೋಗುವಾಗ ಆಗುವ ಆಘಾತಕ್ಕೆ ನಡುವೆ ಯಾರೂ ಬಂದು ವಿವರಣೆ ಕೊಡಬಾರದು.

ನೀವು ಕೇಳದ ಇನ್ನೊಂದು ವ್ಯತ್ಯಾಸವಿದೆ. ಥಿಯೇಟರಿನಲ್ಲಿ ಚಿತ್ರದ ಮೇಲಂಚು, ಕೆಳಂಚುಗಳನ್ನು ಮರೆಮಾಡಿ ಅಗಲವಾಗಿ ತೋರಿಸುತ್ತಿದ್ದರು. ಕ್ಯಾಸೆಟ್ಟುಗಳಲ್ಲಿ, ಮೊದಮೊದಲ ಡಿವಿಡಿಗಳಲ್ಲಿ ಹಳೆಯ ಟಿವಿಯ ಆಕಾರಕ್ಕೆ ತಕ್ಕಂತೆ ಆ ಅಂಚುಗಳು ತೆರೆದುಕೊಂಡವು. ಹಾಗಾಗಿ ಆರಂಭದ ಬೆಟ್ಟದ ದಾರಿಯಲ್ಲಿ, ಚಿತ್ರೀಕರಣಕ್ಕೆ ಬಳಸಿದ ಹೆಲಿಕಾಪ್ಟರಿನ ನೆರಳು ಕ್ಷಣಕಾಲ ಕಾಣಿಸುತ್ತದೆ. ಅದನ್ನು ಗೂಢಾರ್ಥವೆಂದು ಅರ್ಥೈಸುವವರಿದ್ದಾರೆ. ಅದು ಚೌಕಟ್ಟು ತೆರೆದುದರ ಪರಿಣಾಮ ಮಾತ್ರ. ಧ್ವನಿಯೂ ಬದಲಾಗಿದೆ: ಥಿಯೇಟರಿನಲ್ಲಿ ಮಾನೋ, ಅಂದರೆ ಒಂದೇ ವಾಹಿನಿಯ ಧ್ವನಿ ಆಗಿದ್ದದ್ದನ್ನು ನಂತರದ ಡಿಸ್ಕುಗಳಿಗಾಗಿ ಆರು ವಾಹಿನಿಗಳ 5.1ಕ್ಕೆ ಹೊಸದಾಗಿ ಮಿಶ್ರಣ ಮಾಡಲಾಗಿದೆ.

ಡಿಸ್ಕ್ ಕೊಳ್ಳುವಾಗ ಹಿಂಬದಿಯ ಅವಧಿಯನ್ನು ನೋಡಿ. ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳು ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುವುದರಿಂದ ಅಲ್ಲಿ 119 ನಿಮಿಷದ ಚಿತ್ರ ಸುಮಾರು 114ಕ್ಕೇ ಮುಗಿಯುತ್ತದೆ. ಅದನ್ನು ಮತ್ತೊಂದು ಕತ್ತರಿ ಎಂದು ಭಾವಿಸಬೇಡಿ. ಕೊನೆಯ ಹೆಸರುಪಟ್ಟಿಯನ್ನು ನಂಬಿಯೂ ತೀರ್ಮಾನಿಸಬೇಡಿ, ಏಕೆಂದರೆ ಚಿಕ್ಕ ಪ್ರತಿಯಲ್ಲಿ ಮುಖವನ್ನೇ ತೋರಿಸದ ಆನ್ ಜ್ಯಾಕ್ಸನ್ ಅವರ ಹೆಸರು ಅದರಲ್ಲೂ ಇದೆ.

— ಸಂಪಾದಕ