ಹಳೆ ಪ್ಯಾನೆಲ್, ಹೊಸ ಪ್ಯಾನೆಲ್, ಒಂದೇ ಇನ್ವರ್ಟರ್

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕು. ತಾರಸಿ ಮೇಲೆ 335 ವ್ಯಾಟ್‌ನ 6 ಹಳೆ ಸೋಲಾರ್ ಪ್ಯಾನೆಲ್ ಇವೆ. ಇನ್ವರ್ಟರ್ 3 ಕಿಲೋವ್ಯಾಟ್. ಅದರ ಮೇಲೆ ಡಿಸಿ 550 ವೋಲ್ಟ್, 12.5 ಆಂಪ್, ಒಂದು ಎಂಪಿಪಿಟಿ (ಪ್ಯಾನೆಲ್ ಸಾಲಿನಿಂದ ಆದಷ್ಟು ಹೆಚ್ಚು ವಿದ್ಯುತ್ ಎಳೆಯುವ ಇನ್‌ಪುಟ್) ಎಂದು ಬರೆದಿದೆ. ಯುಗಾದಿಗೆ ಮುಂಚೆ 540 ವ್ಯಾಟ್‌ನ 4 ಪ್ಯಾನೆಲ್ ಹೊಸದಾಗಿ ಹಾಕಿಸಿದೆ. ಎಲ್ಲವೂ ದಕ್ಷಿಣಕ್ಕೇ ಮುಖ ಮಾಡಿವೆ. ಫಿಟ್ಟರ್ ಎರಡೂ ಸಾಲನ್ನು ಕವಲಿನ ಹಾಗಿರುವ ವೈ ಕನೆಕ್ಟರ್‌ನಲ್ಲಿ ಸೇರಿಸಿ ಹೋದರು. ಮೊದಲು ದಿನಕ್ಕೆ 8 ಯೂನಿಟ್ ಬರುತ್ತಿತ್ತು. ಡಬಲ್ ಆಗುತ್ತೆ ಅಂದಿದ್ದರು. 11 ದಾಟುತ್ತಿಲ್ಲ. ಹೊಸ ಪ್ಯಾನೆಲ್ ಡೂಪ್ಲಿಕೇಟ್ ಇರಬಹುದಾ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಪ್ಯಾನೆಲ್ ಮೇಲೆ ಅನುಮಾನ ಬೇಡ. ಸೇರಿಸಿರುವ ರೀತಿ ತಪ್ಪಾಗಿದೆ. ಪ್ಯಾನೆಲ್ ಹಿಂದಿನ ಸ್ಟಿಕ್ಕರ್ ಫೋಟೋ ಕಳಿಸಿದ್ದು ಒಳ್ಳೆಯದಾಯಿತು, ಲೆಕ್ಕ ಅದರಲ್ಲೇ ಇದೆ.

ನಿಮ್ಮ ಹಳೆ ಪ್ಯಾನೆಲ್ ಒಂದೊಂದೂ ಕೆಲಸ ಮಾಡುವಾಗ 38 ವೋಲ್ಟ್, 8.8 ಆಂಪ್ ಕೊಡುತ್ತದೆ. ಆರು ಸೇರಿದರೆ 228 ವೋಲ್ಟ್. ಹೊಸದು 41.5 ವೋಲ್ಟ್, 13 ಆಂಪ್. ನಾಲ್ಕು ಸೇರಿದರೆ 166 ವೋಲ್ಟ್ ಮಾತ್ರ. ಈ ಎರಡು ಸಾಲನ್ನು ಪ್ಯಾರಲಲ್ ಮಾಡಿದರೆ, ಅಂದರೆ ಪಕ್ಕಪಕ್ಕ ಸೇರಿಸಿದರೆ, ಎರಡಕ್ಕೂ ಒಂದೇ ವೋಲ್ಟೇಜ್. ಹೊಸ ಸಾಲಿಗೆ ಏನೂ ಲೋಡ್ ಇಲ್ಲದಾಗಲೂ ಬರುವುದು 198 ವೋಲ್ಟ್. ಹಾಗಾಗಿ ಹಳೆ ಸಾಲು ತನ್ನ 228 ವೋಲ್ಟಿಗೆ ಏರುವ ಹಾಗೇ ಇಲ್ಲ. ಇನ್ವರ್ಟರ್ ಕೆಳಗೆ ಇಳಿದು 166ರ ಹತ್ತಿರ ಎಳೆಯಬೇಕು. ಅಲ್ಲಿ ಎರಡೂ ಸಾಲಿನ ಕರೆಂಟ್ ಸೇರಿ 22 ಆಂಪ್ ಆಗುತ್ತದೆ. ನಿಮ್ಮ ಇನ್ವರ್ಟರ್ ತಗೊಳ್ಳೋದು 12.5 ಮಾತ್ರ, ಅಲ್ವಾ? ಬೆಳಗ್ಗೆ, ಸಂಜೆ ಬಿಸಿಲು ಎಳೆಯದಾಗಿರುವಾಗ ತೊಂದರೆ ಇಲ್ಲ. ನೀವು ಜಾಸ್ತಿ ಕಾಣುತ್ತಿರುವ 3 ಯೂನಿಟ್ ಆಗ ಬಂದದ್ದು. ನೆತ್ತಿ ಮೇಲೆ ಸೂರ್ಯ ಬಂದಾಗಲೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಹತ್ತನ್ನೂ ಒಂದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಸೀರೀಸ್ ಮಾಡಿಸಿ. ಬೇರೆ ಬೇರೆ ಆಂಪ್‌ನ ಪ್ಯಾನೆಲ್ ಸೀರೀಸ್ ಮಾಡಲೇಬಾರದು ಎಂದು ಬಹಳ ಜನ ಹೇಳುತ್ತಾರೆ. ಸೀರೀಸ್ ಅಂದರೆ ನೊಗಕ್ಕೆ ಕಟ್ಟಿದ ಎತ್ತು. ಜೋರಾಗಿ ನಡೆಯುವ ಎತ್ತು ನಿಧಾನದ್ದರ ಹೆಜ್ಜೆಗೆ ಬರಲೇಬೇಕು. ನಷ್ಟ ಇದೆ, ನಿಜ. ಆದರೆ ಎಷ್ಟು ಅಂತ ಲೆಕ್ಕ ಹಾಕೋಣ. 8.8 ಆಂಪ್‌ಗೆ ಕಟ್ಟಿಹಾಕಿದರೆ ಹೊಸ ಪ್ಯಾನೆಲ್ 540ರ ಬದಲು ಸುಮಾರು 380 ವ್ಯಾಟ್ ಕೊಡುತ್ತದೆ. ನಾಲ್ಕಕ್ಕೆ 1520. ಹಳೆಯದು ಪೂರ್ತಿ 2010. ಒಟ್ಟು 3530. ಪ್ಯಾನೆಲ್ ಕಾದಾಗ ಹತ್ತು ಪರ್ಸೆಂಟ್‌ಗೂ ಹೆಚ್ಚು ಇಳಿಯುತ್ತದೆ. ಉಳಿದದ್ದು ನಿಮ್ಮ 3 ಕಿಲೋವ್ಯಾಟ್ ಇನ್ವರ್ಟರ್‌ಗೆ ಹೊಟ್ಟೆ ತುಂಬ. ಬಿಸಿಲು ಚೆನ್ನಾಗಿರುವ ದಿನ 13 ಯೂನಿಟ್ ಮೇಲೆ ಬರಬೇಕು.

ವೋಲ್ಟೇಜ್ ಮಾತ್ರ ನೋಡಿಕೊಳ್ಳಬೇಕು. ಲೋಡ್ ಇಲ್ಲದಾಗ ಹಳೆ ಸಾಲು 276, ಹೊಸದು 198. ಸೇರಿ 474. ಧನುರ್ಮಾಸದ ಚಳಿ ಬೆಳಗ್ಗೆ ಇದು ಇನ್ನೂ ಮೂರು ಪರ್ಸೆಂಟ್ ಏರಿ 490ರ ಹತ್ತಿರ ಹೋಗಬಹುದು. ನಿಮ್ಮ ಮಿತಿ 550. ಸಾಕು. ಮುಂದೆ ಯಾರಾದರೂ ಇನ್ನೆರಡು ಪ್ಯಾನೆಲ್ ಇದೇ ಸಾಲಿಗೆ ಸೇರಿಸುತ್ತೇನೆ ಎಂದರೆ ಬಿಡಬೇಡಿ. ಆ ಮಿತಿ ದಾಟಿದರೆ ಇನ್ವರ್ಟರ್ ಸುಟ್ಟೇ ಹೋಗಬಹುದು.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಆ ವೈ ಕನೆಕ್ಟರನ್ನು ಹಗಲಿನಲ್ಲಿ ಯಾರೂ ಕೀಳಬೇಡಿ. ಐಸೊಲೇಟರ್ (ಪ್ಯಾನೆಲ್ ಸಾಲನ್ನು ಇನ್ವರ್ಟರಿನಿಂದ ಬೇರ್ಪಡಿಸುವ ಸ್ವಿಚ್) ಆಫ್ ಮಾಡಿದರೂ ಬೇಡ. ಮೈಸೂರಿನ ಬೋಗಾದಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಹೀಗೇ ಎರಡು ಅಳತೆಯ ಸಾಲು ಸೇರಿಸಿದ್ದರು. ಮಧ್ಯಾಹ್ನ ಕರೆಂಟ್ ಹೋಗಿತ್ತು. ಇನ್ವರ್ಟರ್ ನಿಂತಿತ್ತು. ಐಸೊಲೇಟರ್ ನಾನೇ ಇಳಿಸಿ ಮೇಲೆ ಹೋದೆ. ಕನೆಕ್ಟರ್‌ಗೆ ಕೈ ಹಾಕುವ ಮೊದಲು ಅಭ್ಯಾಸಬಲದಿಂದ ವೈರ್ ಕತ್ತರಿಸದೆ ಅದರ ಸುತ್ತ ಹಿಡಿದು ಆಂಪ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಇಟ್ಟೆ. ಎಂಟೂವರೆ ಆಂಪ್ ತೋರಿಸಿತು! ಎತ್ತರದ ಟ್ಯಾಂಕನ್ನೂ ತಗ್ಗಿನ ಟ್ಯಾಂಕನ್ನೂ ಅಡಿಯಲ್ಲಿ ಪೈಪ್ ಹಾಕಿ ಸೇರಿಸಿದರೆ ನೀರು ತಗ್ಗಿಗೆ ನುಗ್ಗುತ್ತದಲ್ಲ, ಹಾಗೆ ದೊಡ್ಡ ಸಾಲಿನ ಕರೆಂಟ್ ಸಣ್ಣ ಸಾಲಿಗೆ ನುಗ್ಗುತ್ತಿತ್ತು. ಐಸೊಲೇಟರ್ ಇರುವುದು ಆ ಸುತ್ತಿನ ಆಚೆ. ಡಿಸಿ ಕಿಡಿ ಎಸಿಯ ಹಾಗೆ ತಾನಾಗಿ ಆರುವುದಿಲ್ಲ, ಎಳೆದಷ್ಟೂ ಉದ್ದವಾಗುತ್ತದೆ. ಅವತ್ತು ಎಳೆದಿದ್ದರೆ ನನ್ನ ಕೈ ಉಳಿಯುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಬಿಚ್ಚಿದೆವು. ನೀವೂ ಹಾಗೇ ಮಾಡಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆ.

ಮತ್ತೆ ಜೋಡಿಸುವಾಗ ಹಳೆ ಹೊಸ ಕನೆಕ್ಟರ್ ಒಂದೇ ಕಂಪನಿಯದಾ ನೋಡಿ. ಬೇರೆ ಕಂಪನಿಯದು ಒಂದಕ್ಕೊಂದು ಕೂರುತ್ತದೆ, ಆದರೆ ಒಳಗೆ ಸಡಿಲವಾಗಿ ಬಿಸಿಯಾಗಿ ಕರಗುತ್ತದೆ. ಕತ್ತರಿಸಿ ಒಂದೇ ಕಂಪನಿಯ ಜೋಡಿ ಕ್ರಿಂಪ್ ಮಾಡಿಸಿ. ನೆಟ್ ಮೀಟರ್ ಇದ್ದರೆ ಪ್ಯಾನೆಲ್ ಹೆಚ್ಚಿಸಿದ್ದನ್ನು ವಿದ್ಯುತ್ ಕಂಪನಿ ಸೆಸ್ಕ್ ಕಚೇರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ 335 ವ್ಯಾಟ್‌ನ ಒಂದೇ ಮಾಡೆಲ್ ಪ್ಯಾನೆಲ್‌ಗಳಿವೆ. ಪೂರ್ವಕ್ಕೆ 5, ಪಶ್ಚಿಮಕ್ಕೆ 5. ಒಂದೇ ಎಂಪಿಪಿಟಿಗೆ ಪ್ಯಾರಲಲ್ ಮಾಡಬಹುದೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಧಾರಾಳವಾಗಿ ಮಾಡಬಹುದು. ಬಿಸಿಲು ಕಡಿಮೆಯಾದರೆ ಇಳಿಯುವುದು ಆಂಪ್, ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ. ಒಂದೇ ಮಾಡೆಲ್, ಒಂದೇ ಎಣಿಕೆ ಇರುವುದರಿಂದ ಎರಡೂ ಸಾಲು ಹೊಂದಿಕೊಂಡು ಹೋಗುತ್ತವೆ. ನಿಮ್ಮಲ್ಲಿ ಮಾಡಬಾರದ್ದು ಸೀರೀಸ್. ಬೆಳಗ್ಗೆ ಪಶ್ಚಿಮದ ಐದು ಪ್ಯಾನೆಲ್ ಪೂರ್ವದ್ದನ್ನೂ ಹಿಡಿದು ನಿಲ್ಲಿಸುತ್ತವೆ. ಆದರೆ ನಮ್ಮ ಕಡೆ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ. ಪ್ಯಾನೆಲ್ ಓರೆ ಕಡಿಮೆ ಇದ್ದರೆ ಆಗ ಎರಡೂ ಸಾಲು ಜೋರಾಗಿ ಕೊಟ್ಟು 17 ಆಂಪ್ ದಾಟಬಹುದು. ಇನ್ವರ್ಟರ್ ಇನ್‌ಪುಟ್ ಅಷ್ಟು ತಗೊಳ್ಳುತ್ತದಾ ಎಂದು ಮೊದಲು ಅದರ ಸ್ಟಿಕ್ಕರ್ ಓದಿ.