ಅಂಜನಾದ್ರಿ ಜ್ವಾಲಾಮುಖಿಯಾ? ತುಂಗಭದ್ರೆ ದಂಡೆಯ ಗುಡ್ಡಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಮಕ್ಕಳನ್ನು ಕರೆದುಕೊಂಡು ಅಂಜನಾದ್ರಿ ಹತ್ತಿದ್ದೆವು. ಮೇಲಿಂದ ತುಂಗಭದ್ರೆ, ಭತ್ತದ ಗದ್ದೆ, ಆ ಕಡೆ ಹಂಪಿ ಎಲ್ಲಾ ಕಾಣಿಸಿತು. ಒಂಬತ್ತನೇ ಕ್ಲಾಸಿನ ಮಗ "ಇವೆಲ್ಲ ಜ್ವಾಲಾಮುಖಿ ಸಿಡಿದು ಬಿದ್ದ ಬಂಡೆ" ಅಂತಾನೆ. ನಮ್ಮ ಅತ್ತೆಯವರು "ವಾಲಿ ಸುಗ್ರೀವರ ಜಗಳದಲ್ಲಿ ಎಸೆದಾಡಿದ್ದು" ಅಂತಾರೆ. ಮಗನಿಗೆ ಏನು ಹೇಳಲಿ?
– ಓದುಗರು, ಗಂಗಾವತಿ

ಅತ್ತೆಯವರ ಕಥೆ ಕಿಷ್ಕಿಂಧೆಯ ಕಥೆ, ಅದನ್ನು ಮಗ ಅವರ ಬಾಯಿಂದಲೇ ಕೇಳಲಿ. ಜ್ವಾಲಾಮುಖಿ ವಿಷಯಕ್ಕೆ ಬಂದರೆ ಅವನು ಅರ್ಧ ಸರಿ. ಈ ಕಲ್ಲು ಒಂದು ಕಾಲಕ್ಕೆ ಕುದಿಯುವ ಶಿಲಾರಸವೇ ಆಗಿತ್ತು. ಆದರೆ ಅದು ಹೊರಗೆ ಸಿಡಿಯಲಿಲ್ಲ. ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಸಿಕ್ಕಿಹಾಕಿಕೊಂಡು, ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಸುಮಾರು 250 ಕೋಟಿ ವರ್ಷ ಹಿಂದಿನ ಮಾತು ಇದು. ಭೂವಿಜ್ಞಾನಿಗಳು ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ಈಗಿನ ರಾಮನಗರ. ಅಲ್ಲಿಯ ಬೆಟ್ಟಗಳೂ ನಮ್ಮ ಆನೆಗುಂದಿಯ ಗುಡ್ಡಗಳೂ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಉದ್ದಕ್ಕೆ ಚಾಚಿದ ಒಂದೇ ಕಲ್ಲಿನ ಪಟ್ಟಿಗೆ ಸೇರಿದವು.

ನಿಧಾನವಾಗಿ ಆರಿದೆ ಅನ್ನುವುದಕ್ಕೆ ಸಾಕ್ಷಿ ಬಂಡೆಯ ಮೈಮೇಲೇ ಇದೆ. ಮುಂದಿನ ಸಲ ಹೋದಾಗ ಬಾಟಲಿಯಿಂದ ಸ್ವಲ್ಪ ನೀರು ಬಂಡೆ ಮೇಲೆ ಹಾಕಿ, ಅಂಗೈಯಿಂದ ಉಜ್ಜಿ, ಮಗನಿಗೆ ಬಗ್ಗಿ ನೋಡಲು ಹೇಳಿ. ದೂರದಿಂದ ಬೂದು ಬಣ್ಣದ್ದಾಗಿ ಕಂಡ ಕಲ್ಲಿನಲ್ಲಿ ತಿಳಿ ಗುಲಾಬಿ ಬಣ್ಣದ ಹರಳುಗಳು ಎದ್ದು ಕಾಣುತ್ತವೆ, ಅದು ಫೆಲ್ಡ್‌ಸ್ಪಾರ್. ಕೆಲವು ಕಡೆ ಒಂದೊಂದು ಹರಳು ಹೆಬ್ಬೆರಳಿನಷ್ಟು ಉದ್ದ ಇರುತ್ತದೆ. ಅದರ ನಡುವೆ ಗಾಜಿನ ಹಾಗೆ ಹೊಳೆಯುವುದು ಬೆಣಚುಕಲ್ಲು, ಕಪ್ಪಗೆ ಮಿಂಚುವುದು ಅಭ್ರಕ. ಅಷ್ಟು ದೊಡ್ಡ ಹರಳು ಬೆಳೆಯಬೇಕಾದರೆ ಶಿಲಾರಸಕ್ಕೆ ತುಂಬಾ ಸಮಯ ಬೇಕು. ಹೊರಗೆ ಉಕ್ಕಿದ ಲಾವಾಕ್ಕೆ ಅಷ್ಟು ಸಮಯ ಸಿಗುವುದಿಲ್ಲ, ಗಾಳಿಗೋ ನೀರಿಗೋ ತಾಗಿ ಬೇಗ ಹೆಪ್ಪುಗಟ್ಟುತ್ತದೆ, ಅದಕ್ಕೇ ಅದರಲ್ಲಿ ಕಣ ಸಣ್ಣ.

ಹಾಗಾದರೆ ಬಂಡೆಗಳು ಒಂದರ ಮೇಲೊಂದು ಕೂತದ್ದು ಹೇಗೆ? ಯಾರೂ ಎತ್ತಿ ಇಟ್ಟದ್ದಲ್ಲ, ಭೂಕಂಪವೂ ಅಲ್ಲ. ಅವು ಹುಟ್ಟಿದ್ದೇ ಅಲ್ಲಿ. ಮೇಲಿದ್ದ ನೆಲ ಸವೆದು ಭಾರ ಕಡಿಮೆಯಾದ ಹಾಗೆ ಗ್ರಾನೈಟ್ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಆ ಬಿರುಕಿನಲ್ಲಿ ನೀರು ಇಳಿಯಿತು. ಚೌಕಾಕಾರದ ತುಂಡಿನ ಮೂಲೆಗೆ ಮೂರೂ ಕಡೆಯಿಂದ ನೀರು ತಾಗುತ್ತದೆ ಅಲ್ವಾ, ಅದಕ್ಕೆ ಮಳೆಗಾಲದಲ್ಲಿ ಬೆಲ್ಲದ ಅಚ್ಚು ಮೂಲೆಯಿಂದ ಕರಗುವ ಹಾಗೆ ಕಲ್ಲೂ ಮೂಲೆಯಿಂದ ಕೊಳೆತು ಗುಂಡಗಾಯಿತು. ಕೊಳೆತ ಭಾಗ ಗರಸಾಗಿ ಕೊಚ್ಚಿಹೋಯಿತು, ಗಟ್ಟಿ ಗುಂಡುಗಳು ಇದ್ದಲ್ಲೇ ಉಳಿದವು. ಗಂಗಾವತಿ ಸುತ್ತ ರಸ್ತೆಗೆ ಹಾಕುವ ಗರಸು ಎಲ್ಲಿಂದ ಬರುತ್ತದೆ ಅನ್ನುವುದಕ್ಕೂ ಇದೇ ಉತ್ತರ.

ಎಲ್ಲರೂ ಹಂಪಿ, ಆನೆಗುಂದಿ ಅಂತಲೇ ಬರೆಯುತ್ತೀರಿ. ನಮ್ಮ ಕಡೆ ನಿಜವಾದ ಲಾವಾ ಕಲ್ಲಿನ ಗುಡ್ಡ ಇಲ್ಲವೇ? ಇದ್ದರೆ ನೋಡಲು ಚೆಂದ ಇರುವ ಜಾಗ ಹೇಳಿ ಸರ್.
– ಓದುಗರು, ಲಿಂಗಸುಗೂರು

ನೀವು ಅದರ ಪಕ್ಕದಲ್ಲೇ ಇದ್ದೀರಿ! ಹಟ್ಟಿಯಿಂದ ಮಸ್ಕಿ ಕಡೆಗೆ ಹೋಗುವ ಕಪ್ಪು ಹಸಿರು ಕಲ್ಲಿನ ಪಟ್ಟಿ ಇದೆಯಲ್ಲ, ಅದರ ಬಹುಭಾಗ ಲಾವಾವೇ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿದ ಲಾವಾ, ಆಮೇಲೆ ಶಾಖ, ಒತ್ತಡಕ್ಕೆ ಸಿಕ್ಕಿ ಗುರುತೇ ಸಿಗದಷ್ಟು ಬದಲಾಗಿದೆ. ಹಟ್ಟಿಯ ಚಿನ್ನ ಇರುವುದು ಈ ಕರಿಕಲ್ಲನ್ನು ಸೀಳಿಕೊಂಡು ಹೋದ ಬೆಣಚುಕಲ್ಲಿನ ಎಳೆಗಳಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ. ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಒಂದು ಬರಹ ಕಂಡ. ಅದೇ ಅಶೋಕನ ಹೆಸರನ್ನು ನೇರವಾಗಿ ಹೇಳಿದ ಮೊದಲ ಶಾಸನವಾಗಿ ಗೊತ್ತಾಯಿತು. ಅಂದರೆ ಆ ಲಾವಾ ಅಲ್ಲಿ ಉಕ್ಕದಿದ್ದರೆ ಚಿನ್ನ ಇರುತ್ತಿರಲಿಲ್ಲ, ಬೀಡನ್ ಆ ಗುಡ್ಡಕ್ಕೆ ಬರುತ್ತಲೂ ಇರಲಿಲ್ಲ.

ಆದರೆ ಹಟ್ಟಿ ಕಡೆ ಎತ್ತರದ ಗುಡ್ಡ ಕಡಿಮೆ, ಗಣಿ ಒಳಗೆ ಸುಮ್ನೆ ಬಿಡುವುದೂ ಇಲ್ಲ. ನದಿ ನೋಡಬೇಕಾದರೆ ನಿಮ್ಮ ತಾಲ್ಲೂಕಿನದೇ ಜಲದುರ್ಗಕ್ಕೆ ಹೋಗಿ. ಕೋಟೆ ಮೇಲೆ ನಿಂತರೆ ಕೃಷ್ಣೆ ಕವಲೊಡೆದು ಗುಡ್ಡವನ್ನು ಬಳಸಿ ಹರಿಯುವುದು ಕಾಣುತ್ತದೆ. ಅಲ್ಲಿಗೆ ಬರುವವರೂ ಕಡಿಮೆ. ಕೋಟೆ ಅಂಚಿನಲ್ಲಿ ಕಂಬಿ ಇರುವುದಿಲ್ಲ, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಲಾವಾವೂ ಬೇಕು, ಗುಡ್ಡವೂ ಬೇಕು, ಕಣಿವೆಯೂ ಬೇಕು ಅಂದರೆ ಸಂಡೂರು. ನನ್ನನ್ನು ಕೇಳಿದರೆ ನಮ್ಮ ಈ ಭಾಗದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸುತ್ತ ಗೋಡೆ ಕಟ್ಟಿದ ಹಾಗೆ ಗುಡ್ಡ, ನಡುವೆ ಊರು. ಕಣಿವೆಯ ಕಲ್ಲು ಬಹುಪಾಲು ಹಳೆಯ ಲಾವಾ. ಕೆಲವು ಕಡೆ ನೀರಿನಡಿ ಹೆಪ್ಪುಗಟ್ಟಿದ ದಿಂಬು ಲಾವಾದ ಗುರುತೂ ಉಳಿದಿದೆ. ಬಿಸಿ ಲಾವಾ ತಣ್ಣೀರಿಗೆ ಬಿದ್ದ ಕೂಡಲೇ ಮೇಲೆ ಸಿಪ್ಪೆ ಕಟ್ಟುತ್ತದೆ, ಒಳಗಿನದು ಸಿಪ್ಪೆ ಒಡೆದು ಮುಂದೆ ಉಬ್ಬುತ್ತದೆ, ಅದಕ್ಕೂ ಸಿಪ್ಪೆ ಕಟ್ಟುತ್ತದೆ, ಹೀಗೆ ಒಂದರ ಮೇಲೊಂದು ದಿಂಬು. ಇದನ್ನು ಸ್ಪಷ್ಟವಾಗಿ ನೋಡುವ ಆಸೆ ಇದ್ದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸಂಡೂರಿನ ಗುಡ್ಡದ ನೆತ್ತಿಯಲ್ಲಿರುವುದು ಮಾತ್ರ ಲಾವಾ ಅಲ್ಲ, ಕಬ್ಬಿಣದ ಅದಿರು. ಒಂದು ತುಂಡು ಕೈಗೆತ್ತಿಕೊಂಡು ನೋಡಿ, ಗಾತ್ರಕ್ಕಿಂತ ತೂಕ ಜಾಸ್ತಿ. ಅಡ್ಡ ಒಡೆದ ಕಡೆ ಕೆಂಪು ಕಪ್ಪು ಗೆರೆಗಳು ಸಾಲಾಗಿ ಕಾಣುತ್ತವೆ, ಅವು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ. ಈ ಪದರ ಗಟ್ಟಿ, ಬೇಗ ಸವೆಯುವುದಿಲ್ಲ, ಅದಕ್ಕೇ ಅದು ಏಣಾಗಿ ನಿಂತಿತು, ಮೆತ್ತನೆ ಕಲ್ಲು ಸವೆದು ಕಣಿವೆ ಆಯಿತು. ಆ ಏಣನ್ನೇ ಸೀಳಿಕೊಂಡು ನಾರಿಹಳ್ಳ ಹರಿಯುವ ಜಾಗಗಳು ಭೀಮಗಂಡಿ, ಓಬಳಗಂಡಿ. ಎರಡೂ ಕಡೆ ನೇರ ಕಲ್ಲಿನ ಗೋಡೆ, ನಡುವೆ ಹಳ್ಳ. ಆ ನೀರೇ ಮುಂದೆ ದರೋಜಿ ಕೆರೆಗೆ ಹೋಗುತ್ತದೆ. ಕುಮಾರಸ್ವಾಮಿ ದೇವಸ್ಥಾನದ ದಾರಿಯಲ್ಲಿ ಗಾಡಿ ನಿಲ್ಲಿಸಿ ಕಾಡು ನೋಡಬಹುದು. ಮಳೆ ಬಂದು ಹೋದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಹೋಗಿ. ಅದೇ ದಾರಿಯಲ್ಲಿ ಅಗೆದು ಬಿಟ್ಟ ಗುಡ್ಡಗಳೂ ಕಾಣುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ನಿಂತು ನೋಡಿದರೆ ಸಾಕು. ಮಕ್ಕಳಿಗೆ ಅದನ್ನೂ ತೋರಿಸಿ.

ಕುಡತಿನಿ ಹತ್ತಿರದ ಬೂದಿ ಗುಡ್ಡ ಜ್ವಾಲಾಮುಖಿಯ ಬೂದಿ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ?
– ಓದುಗರು, ತೋರಣಗಲ್ಲು

ನಿಮ್ಮ ಮೇಷ್ಟ್ರಿಗಿಂತ ಮುಂಚೆ ಬ್ರಿಟಿಷರ ಕಾಲದಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದರು. ಅಂದುಕೊಳ್ಳಲು ಕಾರಣವೂ ಇದೆ. ಬೂದಿಯ ಜೊತೆ ತೂತು ತೂತಾದ, ಗಾಜಿನ ಹಾಗೆ ಕರಗಿ ಗಟ್ಟಿಯಾದ ಕಿಟ್ಟ ಸಿಗುತ್ತದೆ. ನೋಡಿದರೆ ಥೇಟ್ ಲಾವಾ. ಆದರೆ ಅದು ಸಗಣಿ! ನಾಲ್ಕೈದು ಸಾವಿರ ವರ್ಷ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟರು, ಆ ಶಾಖಕ್ಕೆ ಕೆಲವು ಪದರ ಕರಗಿಯೇ ಹೋಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ಸಗಣಿ ಬೂದಿ ಅಂದಿದ್ದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತು ಸಿಕ್ಕಿತು. ಹಂಪಿ ಹತ್ತಿರದ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ, ಅದೂ ಇದೇ ಜಾತಿಯದು.

ದಯವಿಟ್ಟು ಆ ಬೂದಿಯನ್ನು ಚೀಲ ತುಂಬಿ ತರಬೇಡಿ. ಒಂದೊಂದು ಪದರವೂ ದಾಖಲೆ, ಒಮ್ಮೆ ಕಲಸಿಹೋದರೆ ಮತ್ತೆ ಓದಲು ಆಗುವುದಿಲ್ಲ.

ಬೆಂಕಿಯ ಕಲ್ಲೇ ನೋಡಬೇಕೆಂದರೆ ನಿಮಗೆ ಹತ್ತಿರ ಸಂಗನಕಲ್ಲು, ಕಪ್ಪಗಲ್ಲು. ಅಲ್ಲಿ ಗ್ರಾನೈಟ್ ಗುಡ್ಡದ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಶಿಲಾರಸ ಕಪ್ಪು ಗೋಡೆಯಾಗಿ ಹಾದುಹೋಗಿದೆ, ಡಾಲರೈಟ್ ಅನ್ನುತ್ತಾರೆ. ಅದೇ ದನ ಸಾಕುವ ಜನ ಈ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಕಲ್ಲಿನ ಮೇಲೆ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನ ಹಾಗೆ ಸವೆದ ಗುಳಿಗಳಿವೆ. ಬಡಿದರೆ ಗಂಟೆಯ ಸದ್ದು ಬರುವ ಬಂಡೆಗಳು ಅವು, ಬಡಿದು ಬಡಿದೇ ಗುಳಿ ಬಿದ್ದಿದೆ. ನೀವು ಬಡಿಯಬೇಡಿ, ಮುಟ್ಟಿ ನೋಡಿದರೆ ಸಾಕು. ಹೋಗುವ ಮುಂಚೆ ಬಳ್ಳಾರಿ ಊರಲ್ಲಿರುವ ಫೂಟ್ ಹೆಸರಿನ ಮ್ಯೂಸಿಯಂ ನೋಡಿಕೊಳ್ಳಿ.

ಮಗಳು ಜರ್ಮನಿಯ ಬಾನ್‌ನಲ್ಲಿ ಓದುತ್ತಿದ್ದಾಳೆ. ನಾವು ಹೋದಾಗ ರೈನ್ ನದಿ ದಂಡೆಯ ಜ್ವಾಲಾಮುಖಿ ಬೆಟ್ಟಕ್ಕೆ ಕರೆದೊಯ್ಯುತ್ತಾಳಂತೆ. ಹೋಗಬಹುದಾ?
– ಓದುಗರು, ಬಳ್ಳಾರಿ

ಖಂಡಿತ ಹೋಗಿ. ಅವಳು ಹೇಳಿದ್ದು ಡ್ರಾಖನ್‌ಫೆಲ್ಸ್ ಇರಬೇಕು. ಬಾನ್‌ನಿಂದ ಟ್ರಾಮ್ ಹತ್ತಿ ಕ್ಯೋನಿಗ್ಸ್‌ವಿಂಟರ್‌ನಲ್ಲಿ ಇಳಿದರೆ, ಅಲ್ಲಿಂದ ಹಲ್ಲಿನ ಹಳಿಯ ಮೇಲೆ ಓಡುವ ಪುಟ್ಟ ರೈಲಿದೆ, 1883ರಿಂದ ಓಡುತ್ತಿದೆ. ಬೆಟ್ಟ 321 ಮೀಟರ್, ಮೇಲೆ ಹಾಳುಬಿದ್ದ ಕೋಟೆ, ಕೆಳಗೆ ರೈನ್. ಜ್ವಾಲಾಮುಖಿ ಸುಮಾರು ಎರಡೂವರೆ ಕೋಟಿ ವರ್ಷದಷ್ಟು ಹಳೆಯದು, ಈಗ ಪೂರ್ತಿ ಆರಿದೆ, ಹೆದರಬೇಡಿ. ಇಲ್ಲೂ ಶಿಲಾರಸ ನೆಲದ ಮೇಲಕ್ಕೆ ಪೂರ್ತಿ ಬರದೆ, ಜ್ವಾಲಾಮುಖಿ ಬೂದಿಯ ಪದರದೊಳಗೇ ಉಬ್ಬಿ ನಿಂತಿತು. ಕಲ್ಲಿನಲ್ಲಿ ದೊಡ್ಡ ಫೆಲ್ಡ್‌ಸ್ಪಾರ್ ಹರಳು ಕಾಣಿಸುತ್ತದೆ, ಅಂಜನಾದ್ರಿಯಲ್ಲಿ ನೋಡಿ ಹೋದವರಿಗೆ ಗುರುತು ಸಿಗುತ್ತದೆ.

ಆ ಬೆಟ್ಟದ ಕಲ್ಲನ್ನು ಕಲೋನ್‌ನ ದೊಡ್ಡ ಚರ್ಚಿಗೆ ಒಡೆದು ಒಯ್ದಿದ್ದರು. ಬೆಟ್ಟ ಕರಗುತ್ತಿದೆ ಅಂತ ಜನ ದನಿ ಎತ್ತಿದ ಮೇಲೆ 1836ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ಕೊಂಡುಕೊಂಡು ಉಳಿಸಿತು. ನಮ್ಮ ಕಪ್ಪಗಲ್ಲಿನ ಗುಡ್ಡಕ್ಕೂ ಜಲ್ಲಿಗಾಗಿ ಕಲ್ಲು ಒಡೆಯುವವರ ಕಾಟ ಇದೆ. ಐದು ಸಾವಿರ ವರ್ಷದ ಗೂಳಿಚಿತ್ರ ಇರುವ ಗುಡ್ಡ ಅದು. ಬಳ್ಳಾರಿಯವರಾದ ನೀವು ವಾಪಸ್ ಬಂದ ಮೇಲೆ ಈ ವಿಷಯವನ್ನು ನಿಮ್ಮ ಪಂಚಾಯ್ತಿಯಲ್ಲೋ, ಜಿಲ್ಲಾಧಿಕಾರಿ ಕಚೇರಿಯಲ್ಲೋ ಎತ್ತಿದರೆ ನನಗೆ ತುಂಬಾ ಸಂತೋಷ.

ಅಮ್ಮನಿಗೆ ಮೊಣಕಾಲು ನೋವು. ಅಂಜನಾದ್ರಿಯ ಮೆಟ್ಟಿಲು ಆಗುವುದಿಲ್ಲ. ಆದರೆ ಮೇಲಿಂದ ನೋಡಬೇಕು ಅಂತ ಆಸೆ.
– ಓದುಗರು, ಕೊಪ್ಪಳ

ಅಂಜನಾದ್ರಿಗೆ 575 ಮೆಟ್ಟಿಲು, ಬೇಡ. ಹಂಪಿಯ ಮಾತಂಗ ಪರ್ವತವೂ ಬೇಡ, ಅದು ಇನ್ನೂ ಕಡಿದು. ಅಮ್ಮನನ್ನು ಮಾಲ್ಯವಂತ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಕಂಪ್ಲಿ ರಸ್ತೆಯಲ್ಲಿದೆ, ರಘುನಾಥ ದೇವಸ್ಥಾನದ ಹತ್ತಿರದವರೆಗೆ ಕಾರು ಹೋಗುತ್ತದೆ. ಸಂಜೆ ಹೊತ್ತಿಗೆ ಹೋದರೆ ದೇವಸ್ಥಾನದ ಹಿಂದಿನ ಬಂಡೆಗಳಿಂದ ಪೂರ್ತಿ ಗುಡ್ಡಸಾಲು ಕಾಣುತ್ತದೆ. ವಿರೂಪಾಕ್ಷನ ದರ್ಶನವೂ ಆಗಬೇಕು ಅಂದರೆ ಪಕ್ಕದ ಹೇಮಕೂಟ ಸಾಕು. ಏರು ಕಡಿಮೆ, ಅಲ್ಲಲ್ಲಿ ಮಂಟಪಗಳಿವೆ, ಕೂತು ಕೂತು ಹೋಗಬಹುದು. ಬಂಡೆ ಮೇಲೆ ಚಪ್ಪಲಿ ಜಾರುತ್ತದೆ, ಹಿಡಿತ ಇರುವ ಶೂ ಹಾಕಿಸಿ. ಮಾರ್ಚ್‌ನಿಂದ ಮೇವರೆಗೆ ಬೇಡವೇ ಬೇಡ, ಸಂಜೆ ಆದರೂ ಕಲ್ಲಿನ ಕಾವು ಇಳಿಯುವುದಿಲ್ಲ. ಡಿಸೆಂಬರ್‌ನಲ್ಲಿ ಹೋಗುವುದಾದರೆ ಅಂಜನಾದ್ರಿಯಲ್ಲಿ ಹನುಮಮಾಲೆ ವಿಸರ್ಜನೆಯ ದಿನ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ, ಅವತ್ತು ಗಂಗಾವತಿ ಕಡೆಯ ರಸ್ತೆಯಲ್ಲಿ ಗಾಡಿ ಮುಂದೆ ಹೋಗುವುದೇ ಕಷ್ಟ.